ಉಪ್ಪು ಕೇಳುವ ಪೆಟ್ಟಿಗೆ

ರಾಜಾಜಿನಗರದ ನಮ್ಮ ಅಡುಗೆಮನೆಗೆ ಹೊಸ ಡಿಶ್‌ವಾಶರ್ ಬಂದು ಮೂರು ತಿಂಗಳು. ಹಳೆಯದು ಕೊನೆಕೊನೆಗೆ ಲೋಟಗಳಿಗೆಲ್ಲ ವಿಭೂತಿ ಬಳಿದು ಕಳಿಸುತ್ತಿತ್ತು. ತಪ್ಪು ನಮ್ಮದೇ: ಬೋರ್‌ವೆಲ್ಲಿನ ಗಡಸು ನೀರು ಕೊಟ್ಟು, ಉಪ್ಪು ಹಾಕುವುದನ್ನು ಮರೆತಿದ್ದೆವು. ತಳದ ಡಬ್ಬಿಗೆ ಸುರಿಯುವ ಆ ಉಪ್ಪು ಪಾತ್ರೆ ತೊಳೆಯುವುದಿಲ್ಲ; ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಡುವ ರಾಳದ ಮಣಿಗಳನ್ನು ತೊಳೆದು ಮತ್ತೆ ಕೆಲಸಕ್ಕೆ ಹಚ್ಚುತ್ತದೆ.

1886ರಲ್ಲಿ ಅಮೆರಿಕದ ಜೋಸೆಫಿನ್ ಕಾಕ್ರನ್ ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದಾಗ ಹುಳಿಪಾತ್ರೆಯ ಒಗ್ಗರಣೆ ಜಿಡ್ಡು ಕಂಡಿರಲಾರಳು. ನಮ್ಮ ಹೊಸ ಯಂತ್ರ ಅದನ್ನೂ ಬಿಡಿಸುತ್ತದೆ. ಕಬ್ಬಿಣದ ದೋಸೆಹೆಂಚು ಮಾತ್ರ ಇನ್ನೂ ನನ್ನ ಪಾಲು. ಒಳಗಿಟ್ಟರೆ ತುಕ್ಕು ಹಿಡಿದೀತು.

ರಾತ್ರಿ ಬಾಗಿಲು ಹಾಕಿದರೆ ಒಳಗೆ ಸಣ್ಣ ಸೋನೆಮಳೆ. ಬೆಳಿಗ್ಗೆ ತೆಗೆದರೆ ಫಳಫಳಿಸುವ ಸ್ಟೀಲ್ ಲೋಟ, ಕಾಫಿಗೆ ಸಿದ್ಧ.