ಸುಳಿ ಬಿಚ್ಚುವ ಹೊತ್ತು

ಗಿಡದ ಚೆಲುವೆಲ್ಲ ಹೂವಿನಲ್ಲೇ ಇದೆ ಎನ್ನುವವರು ಪಾಮ್ ಗಿಡದ ಸುಳಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ನಡುವಿನಿಂದ ನೆಟ್ಟಗೆ ಏಳುವ ಆ ತಿಳಿಹಸಿರು ಕಡ್ಡಿ ಬರುವಾಗಲೇ ಇಡೀ ಎಲೆಯಾಗಿ ಬಂದಿರುತ್ತದೆ. ನಿರಿಗೆ ಹಿಡಿದು ಮಡಚಿಟ್ಟ ಇಳಕಲ್ ಸೀರೆಯಂತೆ ಎಲ್ಲವೂ ಒಳಗೇ ಅಡಕ. ಮೊದಲು ತುದಿ ಸಡಿಲಾಗುತ್ತದೆ, ಆಮೇಲೆ ಮಡಿಕೆಯ ಗುಂಟ ಎಲೆ ತಾನಾಗಿ ಸೀಳಿ, ಗರಿ ಗರಿಯಾಗಿ ಬಿಡಿಸಿಕೊಳ್ಳುತ್ತದೆ. ಅವಸರವೆಂಬುದಿಲ್ಲ. ಒಂದು ಕಾಂಡಕ್ಕೆ ಒಂದೇ ಸುಳಿ. ಅದು ಕೊಳೆತರೆ ಆ ಕಾಂಡದ ಬೆಳವಣಿಗೆ ಅಲ್ಲಿಗೇ ಮುಗಿಯಿತು. ವಿಜಯಪುರದ ಕಡೆ ನರ್ಸರಿಯವರೊಬ್ಬರು ಗಿರಾಕಿಗಳಿಗೆ ಹೇಳುವ ಮಾತು ಇದಕ್ಕೇ: "ಎಲಿ ನೋಡಿ ಮರುಳಾಗಬ್ಯಾಡ್ರಿ, ಸುಳಿ ನೋಡ್ರಿ." ಸುಳಿ ಗಟ್ಟಿಯಾಗಿ, ಹಸಿರಾಗಿ, ನೆಟ್ಟಗಿರಬೇಕು. ಮೆಲ್ಲಗೆ ಎಳೆದರೆ ಕಿತ್ತು ಕೈಗೆ ಬರುವಂತಿದ್ದರೆ ಆ ಗಿಡವನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಇಂಡಿ ಸೀಮೆಯಲ್ಲಿ ಈ ಕುಲಕ್ಕೆ ಪರಿಚಯ ಬೇಕಿಲ್ಲ. ಹಳ್ಳದ ದಂಡೆಯ ಈಚಲೂ ಪಾಮ್ ಕುಲದ್ದೇ. ಅದರ ಗರಿಯಿಂದ ಚಾಪೆಯಾಗುತ್ತದೆ, ಕಸಬರಿಗೆಯಾಗುತ್ತದೆ. ಆದರೆ ಈಚಲಿಗೆ ಬಿಸಿಲು ಬೇಕು, ಬಯಲು ಬೇಕು. ಮನೆಯೊಳಗೆ ನೆಮ್ಮದಿಯಾಗಿರುವ ಪಾಮುಗಳು ಬೇರೆ: ದೊಡ್ಡ ಮರಗಳ ನೆರಳಲ್ಲಿ ಬೆಳೆದು ಬಂದ ಜಾತಿಗಳು.

ಅದೇ ಸೀಮೆಯ ಹಲಸಂಗಿ ಎಂದೊಡನೆ ಸಾಹಿತಿಗಳಾದ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, 1931ರಲ್ಲಿ ಅಚ್ಚಾದ ಜನಪದ ಹಾಡುಗಳ ಸಂಗ್ರಹ 'ಗರತಿಯ ಹಾಡು' ನೆನಪಾಗುತ್ತವೆ. ನನಗೆ ಅದರ ಜೊತೆಗೇ ಕಣ್ಣಿಗೆ ಬರುವುದು ಆ ಹಾಡು ಹೇಳುತ್ತ ಹೆಣ್ಣುಮಕ್ಕಳು ಬೀಸುತ್ತಿದ್ದಂಥ ಮನೆ. ಮೊಳದಗಲದ ಮಣ್ಣಿನ ಗೋಡೆ, ಮೇಲೆ ಮಾಳಿಗೆ, ಬೆಳಕಿಂಡಿಯಿಂದ ಇಳಿಯುವ ಒಂದಿಷ್ಟು ಬೆಳಕು. ಏಪ್ರಿಲ್‌ನಲ್ಲಿ ಹೊರಗೆ ಬಿಸಿಲು 40 ಡಿಗ್ರಿ ದಾಟಿದಾಗಲೂ ಪಡಸಾಲೆ ತಂಪಾಗಿರುತ್ತದೆ. ಅಂಥ ಪಡಸಾಲೆಗೆ ರಾಫಿಸ್ ಪಾಮಿನಷ್ಟು ಒಪ್ಪುವ ಗಿಡ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದಕ್ಷಿಣ ಚೀನಾ ಇದರ ತವರು. ಜಪಾನಿನವರು ಎಡೊ ಕಾಲದಿಂದಲೂ ಕುಂಡದಲ್ಲಿ ಬೆಳೆಸಿ ಮುದ್ದಿಸಿದ್ದಾರೆ. ಬೆರಳು ದಪ್ಪದ ಕಾಂಡಕ್ಕೆ ಕಂದು ನಾರಿನ ಜಾಳಿಗೆ ಸುತ್ತಿರುತ್ತದೆ. ಎಲೆ ಅಂಗೈ ಚಾಚಿದ ಹಾಗೆ ಹರಡಿ, ಪ್ರತಿ ಬೆರಳ ತುದಿಯೂ ಚೂಪಾಗದೆ ಸಣ್ಣ ಹಲ್ಲುಗಳಿಂದ ಮೊಂಡಾಗಿ ನಿಲ್ಲುತ್ತದೆ. ಸಂಜೆ ಓರೆಬೆಳಕಿನಲ್ಲಿ ಅದರ ನೆರಳು ಸುಣ್ಣದ ಗೋಡೆಯ ಮೇಲೆ ಬಿದ್ದಾಗ ಗಿಡ ಎರಡಾಗುತ್ತದೆ.

ಎಲ್ಲ ಕಡೆ ಸುಲಭವಾಗಿ ಸಿಗುವುದು ಅರೆಕಾ ಪಾಮ್. ಇದು ನಮ್ಮ ಅಡಿಕೆಯಲ್ಲ, ಮಡಗಾಸ್ಕರದ ಗಿಡ. ಹಳದಿ ದಂಟು, ಬಾಗಿದ ಗರಿ; ನೋಡಲು ಬಲು ಸೊಗಸು. ಆದರೆ ಇದಕ್ಕೆ ಕತ್ತಲೆ ಆಗದು. ನೇರ ಬಿಸಿಲು ಬೀಳದ, ಆದರೆ ಓದಲು ಸಾಕಾಗುವುದಕ್ಕಿಂತ ಹೆಚ್ಚು ಬೆಳಕಿರುವ ಕಿಟಕಿ ಬೇಕು. ಮೆಕ್ಸಿಕೋ, ಗ್ವಾಟೆಮಾಲಾ ಕಾಡುಗಳ ಪುಟ್ಟ ಪಾರ್ಲರ್ ಪಾಮ್ ಮಬ್ಬು ಬೆಳಕಿನಲ್ಲೂ ಬಾಳುತ್ತದೆ, ಮೇಜಿನ ಮೇಲೆ ಇಡಬಹುದು. ಮಾರುವವರು "ಗಾಳಿ ಶುದ್ಧ ಮಾಡತೈತ್ರಿ" ಎನ್ನುವುದಕ್ಕೆ ಮೂಲ 1989ರ ನಾಸಾ ಪ್ರಯೋಗ. ಅದು ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಬಾಗಿಲು ಕಿಟಕಿ ತೆರೆದ ಮನೆಯಲ್ಲಿ ನಾಲ್ಕಾರು ಕುಂಡಗಳಿಂದ ಆ ಕೆಲಸ ಆಗದು. ಚೆಲುವಿಗಾಗಿಯೇ ತನ್ನಿ. ಅಷ್ಟು ಕಾರಣ ಸಾಕು.

ನಮ್ಮ ಕಡೆ ಪಾಮ್ ಸಾಕುವವರಿಗೆ ನಿಜವಾದ ಪರೀಕ್ಷೆ ನೀರಿನದು. ಬೋರಿನ ಸವಳು ನೀರು ಹಾಕುತ್ತ ಹೋದರೆ ಉಪ್ಪು ಮಣ್ಣಿನಲ್ಲಿ ಕೂಡಿಕೊಂಡು ಗರಿಯ ತುದಿ ಸುಟ್ಟಂತೆ ಕಂದಾಗುತ್ತದೆ. ಮಾಳಿಗೆಯ ಮಳೆನೀರು ಹಿಡಿದಿಟ್ಟರೆ ಅದಕ್ಕಿಂತ ಅಮೃತ ಬೇರಿಲ್ಲ. ಮೃಗಶಿರ ಮಳೆ ಬಂದಾಗ ಕುಂಡವನ್ನು ಅಂಗಳಕ್ಕೆ ಇಟ್ಟುಬಿಡಿ: ಎಲೆಯ ಧೂಳೂ ತೊಳೆದುಹೋಗುತ್ತದೆ, ಮಣ್ಣಿನ ಉಪ್ಪೂ ಇಳಿದು ಹೋಗುತ್ತದೆ. ಬಿಸಿಲು ಬೀಳುವ ಮುಂಚೆ ಒಳಗೆ ತನ್ನಿ. ಹೊಲದ ಎರೆಮಣ್ಣು ಜೋಳಕ್ಕೆ ಬಂಗಾರ, ಕುಂಡಕ್ಕಲ್ಲ. ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಕೆಂಪುಮಣ್ಣು, ದಪ್ಪ ಉಸುಕು, ತೆಂಗಿನ ನಾರಿನ ಪುಡಿ, ಹಳೆಯ ಸಗಣಿಗೊಬ್ಬರ ಕೂಡಿಸಿ, ತಳಕ್ಕೆ ತೂತಿರುವ ಕುಂಡದಲ್ಲಿ ಹಾಕಬೇಕು. ಬೆರಳು ಚುಚ್ಚಿ ಮೇಲಿನ ಒಂದೂವರೆ ಇಂಚು ಒಣಗಿದ್ದರೆ ಮಾತ್ರ ನೀರು.

ಬೇಸಿಗೆಯಲ್ಲಿ ಕೂಲರಿನ ಗಾಳಿಗೆ ಎದುರಾಗಿ ಇಡಬೇಡಿ. ಒಣಹವೆಗೆ ಎಲೆಯ ಬೆನ್ನಿಗೆ ಕೆಂಪು ನುಸಿ ಕೂರುತ್ತದೆ. ಕಣ್ಣಿಗೆ ಕಾಣುವುದು ನವಿರಾದ ಬಲೆ, ಮಾಸಿದ ಚುಕ್ಕೆ ಇಷ್ಟೇ. ಒದ್ದೆ ಬಟ್ಟೆಯಿಂದ ಗರಿಯ ಎರಡೂ ಬದಿ ಒರೆಸುವುದೇ ಮೊದಲ ಮದ್ದು. ಈ ಒರೆಸುವ ಕೆಲಸವನ್ನು ನಾನು ಬೇಸರದ್ದು ಎಂದು ಎಣಿಸಲಾರೆ. ಗರಿಯ ನಡುನರ, ಅಂಚಿನ ಹಲ್ಲು, ಹೊಸ ಎಲೆಯ ಮೇಲಿನ ಹೊಳಪು ಎಲ್ಲ ಬೆರಳಿಗೆ ಸಿಗುವುದು ಆಗಲೇ. ಕೆಳಗಿನ ಹಳೆಯ ಎಲೆ ಹಣ್ಣಾದರೆ ಕೂಡಲೇ ಕೊಯ್ಯಬೇಡಿ. ಅದರಲ್ಲಿ ಉಳಿದ ಪೊಟ್ಯಾಸಿಯಮ್ಮನ್ನು ಗಿಡ ಹೊಸ ಎಲೆಗೆ ಎಳೆದುಕೊಳ್ಳುತ್ತಿರುತ್ತದೆ. ಪೂರ್ತಿ ಒಣಗಲಿ. ಕಂದಾದ ತುದಿ ಕತ್ತರಿಸುವಾಗಲೂ ಹಸಿರಿಗೆ ಕತ್ತರಿ ತಾಗದಂತೆ ಎಳೆಯಷ್ಟು ಕಂದು ಉಳಿಸಬೇಕು.

ಕುಂಡ ಬದಲಿಸುವ ಆತುರವೂ ಬೇಡ. ಬೇರು ಕೆದಕಿಸಿಕೊಳ್ಳುವುದು ಈ ಗಿಡಗಳಿಗೆ ಸೇರದು. ಬೇರು ತಳದ ತೂತಿನಿಂದ ಹೊರಬಂದಾಗ ಒಂದು ಅಳತೆ ದೊಡ್ಡ ಕುಂಡ ಸಾಕು. ರಾಫಿಸ್ ಬುಡದಲ್ಲಿ ಮರಿಗಳು ಏಳುತ್ತವೆ. ಸ್ವಂತ ಬೇರು ಬಿಟ್ಟ ಮರಿಯನ್ನು ಮಳೆಗಾಲದ ಮೊದಲಿಗೆ ಬಿಡಿಸಿ ನೆರೆಮನೆಯವರಿಗೆ ಕೊಡಬಹುದು. ಕೊಡುವಾಗ ಹಿಡಿಯಷ್ಟು ಅದೇ ಮಣ್ಣನ್ನೂ ಬೇರಿನ ಸುತ್ತ ಬಿಡಿ.