ಕಳೆದ ಕಾರ್ಡಿಗೆ ಬೇಕಾದದ್ದು ಬೀಗ

ಕಿಸೆಯಲ್ಲಿ ಇಟ್ಟುಕೊಳ್ಳುವ ಪುಟ್ಟ ಯಂತ್ರಗಳ ಬಗ್ಗೆ ಬರೆಯುವ ಈ ಅಂಕಣಕ್ಕೆ ಪದೇ ಪದೇ ಬರುವ ಪ್ರಶ್ನೆಯೊಂದಿದೆ: ಬ್ಯಾಂಕ್ ಕಾರ್ಡು ಕಳೆದುಹೋದರೆ ಅದು ಎಲ್ಲಿದೆ ಎಂದು ಮೊಬೈಲಿನಲ್ಲಿ ತೋರಿಸುವ ಸಾಧನ ಮಾಡಿ ಮಾರಿದರೆ ಹೇಗೆ? ಕೇಳುವವರಲ್ಲಿ ಹೆಚ್ಚಿನವರು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳು, ಅವರಲ್ಲೂ ಜಗಳೂರು ಸೀಮೆಯವರು. ಊರಿಗೆ ಉಪಯೋಗವಾಗುವ ಕಸುಬು ಕಟ್ಟಬೇಕೆಂಬ ಅವರ ಆಸೆ ದೊಡ್ಡದು, ಹಾಗಾಗಿ ಆ ಸೀಮೆಯ ಊರು ಬಿಳಿಚೋಡನ್ನೇ ಕಣ್ಣಮುಂದೆ ಇಟ್ಟುಕೊಂಡು ಉತ್ತರಿಸುತ್ತೇನೆ. ಕಾರ್ಡು ಹುಡುಕಿಕೊಡುವ ವ್ಯಾಪಾರ ಅಲ್ಲಿ ನಡೆಯುವುದಿಲ್ಲ. ಕಳೆದ ಕಾರ್ಡನ್ನು ಬೇಗ ಬಂದ್ ಮಾಡಿಸುವ ಕೆಲಸಕ್ಕೆ ಜಾಗವಿದೆ.

ಮೊದಲು ಕಾರ್ಡನ್ನೇ ನೋಡಿ. 85.6 ಮಿಲಿಮೀಟರ್ ಉದ್ದ, 54ಕ್ಕೆ ಕೂದಲೆಳೆ ಕಡಿಮೆ ಅಗಲ, ದಪ್ಪ ಬರೀ 0.76 ಮಿಲಿಮೀಟರ್. ಜಗತ್ತಿನ ಯಾವ ಎಟಿಎಂಗೆ ಹೋದರೂ ಇದೇ ಅಳತೆ. ಮೇಲೆ ಹೊಳೆಯುವ ಚಿಪ್ಪಿಗೆ ಬ್ಯಾಟರಿ ಇಲ್ಲ. ಯಂತ್ರಕ್ಕೆ ಚುಚ್ಚಿದಾಗ, ಇಲ್ಲವೇ ಅಂಗಡಿಯ ಸ್ವೈಪಿಂಗ್ ಮಷಿನ್ನಿಗೆ ಮುಟ್ಟಿಸಿದಾಗ, ಆ ಯಂತ್ರ ಕೊಡುವ ವಿದ್ಯುತ್ತಿನಿಂದ ಕ್ಷಣಕಾಲ ಎಚ್ಚರಗೊಂಡು ಲೆಕ್ಕ ಒಪ್ಪಿಸಿ ಮತ್ತೆ ಮಲಗುತ್ತದೆ. ಮುಟ್ಟಿಸಿ ಪಾವತಿಸುವ ಕಾರ್ಡಿನ ಮಾತು ಕೇಳುವುದು ಕೆಲವೇ ಸೆಂಟಿಮೀಟರ್ ದೂರಕ್ಕೆ. ಹೊಲದ ಬದುವಿನಲ್ಲಿ ಬಿದ್ದ ಕಾರ್ಡು ತಾನಾಗಿ 'ಇಲ್ಲಿದ್ದೇನೆ' ಎನ್ನಲಾರದು. ಅದನ್ನು ಮಾತಾಡಿಸಬೇಕೆಂದರೆ ಬ್ಯಾಟರಿ ಬೇಕು, ರೇಡಿಯೊ ಬೇಕು, ಎರಡನ್ನೂ ಆ ಮುಕ್ಕಾಲು ಮಿಲಿಮೀಟರಿನೊಳಗೆ ಅಡಗಿಸಬೇಕು. ತೆಳು ಬ್ಯಾಟರಿ ಅಸಾಧ್ಯವೇನಲ್ಲ. ಹಿಂಬದಿಯ ಮೂರಂಕಿ ಗಂಟೆಗೊಮ್ಮೆ ಬದಲಾಗುವಂಥ, ಒಳಗೆ ಬ್ಯಾಟರಿ ಮತ್ತು ಪುಟ್ಟ ಪರದೆ ಇರುವ ಕಾರ್ಡನ್ನು ಫ್ರಾನ್ಸಿನ ಬ್ಯಾಂಕೊಂದು 2016ರಲ್ಲೇ ಕೊಡತೊಡಗಿತ್ತು. ಆದರೆ ಅದು ಅಂಕಿ ಬದಲಿಸುತ್ತದೆ ಅಷ್ಟೆ, ದೂರದವರನ್ನು ಕೂಗಿ ಕರೆಯುವುದಿಲ್ಲ.

ಹಾಗಾಗಿ ಮಾರುಕಟ್ಟೆಯಲ್ಲಿರುವ ಟ್ಯಾಗುಗಳೆಲ್ಲ ಕಾರ್ಡಿಗಲ್ಲ, ಕಾರ್ಡು ಇಟ್ಟ ಪರ್ಸಿಗೆ. 2021ರ ಏಪ್ರಿಲ್‌ನಲ್ಲಿ ಬಂದ ಆ್ಯಪಲ್ ಏರ್‌ಟ್ಯಾಗ್ ಗುಂಡಗೆ, 8 ಮಿಲಿಮೀಟರ್ ದಪ್ಪ. ಹತ್ತು ಕಾರ್ಡು ಜೋಡಿಸಿದಷ್ಟು. ಬೀಗದ ಕೈಗೆ ಅದರಷ್ಟು ಒಪ್ಪುವ ವಸ್ತು ಇನ್ನೊಂದಿಲ್ಲ, ಪರ್ಸಿಗೆ ಮಾತ್ರ ಅದು ಗಂಟು. ನನಗೆ ಇಷ್ಟವಾದದ್ದು ಟೈಲ್ ಕಂಪನಿಯ ಸ್ಲಿಮ್: ಕಾರ್ಡಿನದೇ ಆಕಾರ, ಸುಮಾರು ಎರಡೂವರೆ ಮಿಲಿಮೀಟರ್ ದಪ್ಪ, ಕೈಗೆ ಹಿತ. ಅದರ ಬ್ಯಾಟರಿ ಬದಲಿಸುವಂತಿಲ್ಲ. ಮೂರು ವರ್ಷದ ಆಯಸ್ಸು ಮುಗಿದರೆ ಇಡೀ ತುಂಡನ್ನೇ ಎಸೆಯಬೇಕು. ಒಳ್ಳೆಯ ಕೆಲಸಗಾರಿಕೆಗೆ ಇದು ಕಳಂಕ ಎಂದೇ ನನ್ನ ಅಭಿಪ್ರಾಯ. ನಮ್ಮಲ್ಲಿ ಜಿಯೋ 2024ರ ಡಿಸೆಂಬರ್‌ನಲ್ಲಿ ಆಂಡ್ರಾಯ್ಡ್ ಫೋನುಗಳಿಗಾಗಿ ಜಿಯೋಟ್ಯಾಗ್ ಗೋ ತಂದಿತು, ಬೆಲೆ 1,499 ರೂಪಾಯಿ.

ಇವುಗಳಲ್ಲಿ ಯಾವುದರೊಳಗೂ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ಬ್ಲೂಟೂತ್ ಮೂಲಕ ಸಣ್ಣ ದನಿಯಲ್ಲಿ ತಮ್ಮ ಗುರುತು ಹೇಳುತ್ತಿರುತ್ತವೆ. ಪಕ್ಕದಲ್ಲಿ ಹಾದುಹೋದ ಯಾರದೋ ಫೋನು ಅದನ್ನು ಕೇಳಿಸಿಕೊಂಡು, ತಾನಿರುವ ಜಾಗವನ್ನು ಕಂಪನಿಯ ಸರ್ವರಿಗೆ ಗುಟ್ಟಾಗಿ ತಲುಪಿಸುತ್ತದೆ. ಅಂದರೆ ಹುಡುಕುವುದು ಟ್ಯಾಗ್ ಅಲ್ಲ, ಜನಸಂದಣಿ. ಬಿಳಿಚೋಡಿನಲ್ಲಿ ಲೆಕ್ಕ ತಪ್ಪುವುದು ಇಲ್ಲಿಯೇ. ಗೂಗಲ್ 2024ರಲ್ಲಿ ತನ್ನ ಜಾಲ ಶುರುಮಾಡಿದಾಗ ಜನರ ಖಾಸಗಿತನ ಕಾಯಲೆಂದು ಒಂದು ನಿಯಮ ಇಟ್ಟಿತು: ಸೆಟ್ಟಿಂಗ್ ಬದಲಿಸದ ಹೊರತು ಫೋನುಗಳು ಜನನಿಬಿಡ ಜಾಗದಲ್ಲಷ್ಟೇ, ಹಲವು ಫೋನುಗಳು ಒಂದೇ ಟ್ಯಾಗನ್ನು ಕಂಡಾಗಷ್ಟೇ ಸುಳಿವು ಕೊಡುತ್ತವೆ. ನಿಯಮ ಸರಿಯಾದದ್ದೇ. ಆದರೆ ಸಂತೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಬಿದ್ದ ಪರ್ಸು ಸಿಕ್ಕೀತು, ಮೆಕ್ಕೆಜೋಳದ ಸಾಲಿನಲ್ಲಿ ಬಿದ್ದದ್ದು ಸಿಗುವುದು ಕಷ್ಟ. ದಾವಣಗೆರೆ–ಜಗಳೂರು ರಸ್ತೆ ಬಿಟ್ಟು ಒಂದು ಮೈಲಿ ಒಳಗೆ ಹೋದರೆ ಟ್ಯಾಗಿನ ಕೂಗು ಕೇಳುವ ಕಿವಿಗಳೇ ಇರುವುದಿಲ್ಲ.

ಕದ್ದವನ ಬೆನ್ನು ಹತ್ತಲೂ ಇದು ಒದಗುವುದಿಲ್ಲ. ಹೆಣ್ಣುಮಕ್ಕಳ ಚೀಲದಲ್ಲಿ ಗೊತ್ತಾಗದಂತೆ ಟ್ಯಾಗ್ ಹಾಕಿ ಹಿಂಬಾಲಿಸುವ ಪ್ರಕರಣಗಳು ಬಂದ ಮೇಲೆ, 2024ರ ಮೇ ತಿಂಗಳಿಂದ ಆ್ಯಪಲ್ ಮತ್ತು ಗೂಗಲ್ ಎರಡೂ ಸೇರಿ, ಅಪರಿಚಿತ ಟ್ಯಾಗ್ ಜೊತೆಯಲ್ಲಿ ಓಡಾಡುತ್ತಿದೆ ಎಂದು ಫೋನುಗಳು ಎಚ್ಚರಿಸುವಂತೆ ಮಾಡಿವೆ. ಆ ಎಚ್ಚರಿಕೆ ಕಳ್ಳನ ಫೋನಿಗೂ ಬರುತ್ತದೆ.

ಇನ್ನು ಹಣದ ಲೆಕ್ಕ. ಕಳೆದ ಡೆಬಿಟ್ ಕಾರ್ಡಿಗೆ ಬದಲಿ ಕಾರ್ಡು ಸಾಮಾನ್ಯವಾಗಿ ಇನ್ನೂರು ಮುನ್ನೂರು ರೂಪಾಯಿ, ಮೇಲೆ ಜಿಎಸ್‌ಟಿ. ಅದನ್ನು ಕಾಯಲು ಸಾವಿರದೈನೂರರ ಟ್ಯಾಗು ಯಾರು ಕೊಳ್ಳುತ್ತಾರೆ? 2014ರ ಆಗಸ್ಟ್ 28ರಂದು ಜನಧನ ಯೋಜನೆ ಶುರುವಾದ ಮೇಲೆ ರುಪೇ ಕಾರ್ಡು ಬಡವರ ಮನೆಗೂ ಬಂತು. ಗೃಹಲಕ್ಷ್ಮಿಯ ಎರಡು ಸಾವಿರ ಮನೆಯೊಡತಿಯ ಖಾತೆಗೇ ಬೀಳುತ್ತದೆ. ಆಕೆ ಬ್ಯಾಂಕ್ ಮಿತ್ರರ ಹತ್ತಿರ ಹೆಬ್ಬೆಟ್ಟು ಒತ್ತಿ ಹಣ ಪಡೆಯುವವಳಾದರೆ ಕಾರ್ಡು ತಿಂಗಳುಗಟ್ಟಲೆ ಟ್ರಂಕಿನಲ್ಲೇ ಇರುತ್ತದೆ, ಕಳೆದದ್ದೂ ಗೊತ್ತಾಗುವುದಿಲ್ಲ. ಅದರ ಕವರಿನ ಮೇಲೆ ಪಿನ್ ಬರೆದಿಟ್ಟಿರುವುದೂ ಉಂಟು. ಟ್ಯಾಗಿಗೆ ಸ್ಮಾರ್ಟ್‌ಫೋನ್ ಬೇಕು, ಆಕೆಯ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು. ಕಾವಲು ಹೆಚ್ಚು ಬೇಕಾದವರಿಗೇ ಈ ಯಂತ್ರ ದಕ್ಕುವುದಿಲ್ಲ.

ಕಳೆದ ಕಾರ್ಡಿನ ಅಪಾಯ ಮೊದಲ ಗಂಟೆಯದು. ಮುಟ್ಟಿಸಿ ಪಾವತಿಸುವ ಕಾರ್ಡಿನಿಂದ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಖರ್ಚು ಮಾಡಬಹುದು. 2021ರ ಜನವರಿ 1ರಿಂದ ಮಿತಿ ಅಷ್ಟಾಗಿದೆ. ಕಾರ್ಡನ್ನು ಫೋನಿನ ಹಿಂಬದಿ ಕವರಿನೊಳಗೆ ಸಿಕ್ಕಿಸಿಕೊಳ್ಳುವ ರೂಢಿ ಇನ್ನೂ ಕೆಟ್ಟದ್ದು. ಯುಪಿಐ ಪಿನ್ ಹೊಸದಾಗಿ ಹಾಕಲು ಕೇಳುವುದು ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು, ಫೋನಿಗೆ ಬರುವ ಒಟಿಪಿ. ಕೆಲವು ಬ್ಯಾಂಕುಗಳು ಎಟಿಎಂ ಪಿನ್ನನ್ನೂ ಕೇಳುತ್ತವೆ, ಎಲ್ಲವೂ ಅಲ್ಲ. ಫೋನು, ಸಿಮ್, ಕಾರ್ಡು ಒಟ್ಟಿಗೆ ಹೋದರೆ ಮನೆಯ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿ ಹೋದಂತೆ. ದಯವಿಟ್ಟು ಇಂದೇ ಬೇರೆ ಮಾಡಿ.

ಕಾನೂನು ನಮ್ಮ ಪರವಾಗಿದೆ, ಆದರೆ ಬೇಗ ಹೇಳಿದವರ ಪರವಾಗಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕರದೂ ಅಲ್ಲ ಬ್ಯಾಂಕಿನದೂ ಅಲ್ಲ ಎಂದಾದಾಗ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಗ್ರಾಹಕರದಲ್ಲ. ನಾಲ್ಕರಿಂದ ಏಳು ದಿನವಾದರೆ ಜನಧನದಂಥ ಮೂಲ ಖಾತೆಗೆ 5,000, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿ ಮಿತಿಯೊಳಗೆ ನಾವು ಹೊರಬೇಕು. ಪಿನ್ ಹೇಳಿಕೊಟ್ಟು ಕಳೆದುಕೊಂಡರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ನಮ್ಮದೇ. ತಿಳಿಸಿದ ಮೇಲಿನದು ಬ್ಯಾಂಕಿನದು. ತಿಳಿಸಿದ ಗಳಿಗೆಗೆ ಎಷ್ಟು ಬೆಲೆ ನೋಡಿ.

ಹಾಗಾದರೆ ವ್ಯಾಪಾರ? ಒಂದೇ ಕರೆಗೆ ಎಲ್ಲ ಕಾರ್ಡು ಬಂದ್ ಮಾಡಿಸಿಕೊಡುತ್ತೇವೆ ಎಂದು ವರ್ಷದ ಚಂದಾ ಪಡೆಯುವ ಕಂಪನಿಗಳು ಆಗಲೇ ಇವೆ. ಆ ದಾರಿ ಹಿಡಿಯುವವರು ಇಂಗ್ಲೆಂಡಿನ ಸಿಪಿಪಿ ಕಂಪನಿಯ ಕಥೆ ಓದಿಕೊಳ್ಳಲಿ. ಬ್ಯಾಂಕೇ ಹೊರಬೇಕಿದ್ದ ನಷ್ಟಕ್ಕೆ ರಕ್ಷಣೆ ಎಂದು ಲಕ್ಷಾಂತರ ಜನರಿಗೆ ಮಾರಿದ್ದಕ್ಕೆ 2012ರಲ್ಲಿ ಅದಕ್ಕೆ 1.05 ಕೋಟಿ ಪೌಂಡ್ ದಂಡ ಬಿತ್ತು. ಮರುವರ್ಷ ಅದೂ ಹದಿಮೂರು ಬ್ಯಾಂಕುಗಳೂ ಸೇರಿ 130 ಕೋಟಿ ಪೌಂಡ್‌ವರೆಗೆ ಪರಿಹಾರ ಕೊಡಲು ಒಪ್ಪಬೇಕಾಯಿತು. ಹೆದರಿಕೆಯನ್ನು ಮಾರುವುದು ಕಸುಬಲ್ಲ.

ಬಿಳಿಚೋಡಿನಲ್ಲಿ ನಾನು ದುಡ್ಡು ಹಾಕುವುದಾದರೆ ಗಟ್ಟಿ ಬಟ್ಟೆಯ ಚೀಲಕ್ಕೆ ಹಾಕುತ್ತೇನೆ. ಪಾಸ್‌ಬುಕ್ಕು, ಆಧಾರ್, ಕಾರ್ಡು ಹಿಡಿಸುವಷ್ಟು ಅಗಲ, ಟ್ಯಾಗ್ ಬೇಕೆನ್ನುವವರಿಗೆ ಒಳಗೊಂದು ಜೇಬು, ಒಳಮೈಯಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಆಯಾ ಬ್ಯಾಂಕಿನ ಬ್ಲಾಕ್ ಮಾಡಿಸುವ ನಂಬರು. ಸ್ತ್ರೀಶಕ್ತಿ ಸಂಘದವರು ಹೊಲಿಯಬಲ್ಲರು, ಓದಿದ ಮಕ್ಕಳು ನಂಬರು ಪರೀಕ್ಷಿಸಿ ಅಚ್ಚು ಹಾಕಿಸಬಲ್ಲರು, ಗುಂಡಿ ಫೋನಿನಿಂದ ಬ್ಲಾಕ್ ಮಾಡಿಸುವುದನ್ನು ಮನೆಯವರಿಗೆ ಕಲಿಸಬಲ್ಲರು. ನಂಬರನ್ನು ಕಾರ್ಡಿನ ಹಿಂಬದಿಯಿಂದ ಇಲ್ಲವೇ ಶಾಖೆಯಿಂದಲೇ ತರಬೇಕು. ಇಂಟರ್ನೆಟ್ಟಿನಲ್ಲಿ ಹುಡುಕಿದ 'ಕಸ್ಟಮರ್ ಕೇರ್' ನಂಬರುಗಳಲ್ಲಿ ಮೋಸಗಾರರವೂ ಸೇರಿರುತ್ತವೆ.

ಈ ಪುಟ ಮಡಿಸುವ ಮೊದಲು ನಿಮ್ಮ ಕಾರ್ಡನ್ನು ತಿರುಗಿಸಿ, ಹಿಂದಿರುವ ನಂಬರನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ಅದರ ಕೆಳಗೆ 1930 ಎಂದೂ ಬರೆಯಿರಿ. ಹಣ ಹೋದಾಗ ದೂರು ಕೊಡಲು ದೇಶಕ್ಕೆಲ್ಲ ಇರುವ ಸೈಬರ್ ಸಹಾಯವಾಣಿ ಅದು.