ಕೈಗಾದಲ್ಲಿ ಒತ್ತಡ ಕಾಯುವ ಕೌಶಲ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಗೆ ನೈಋತ್ಯದಲ್ಲಿ, ಘಟ್ಟದ ಕಾಡಿನ ನಡುವೆ ಕಾಳಿ ನದಿಯ ದಂಡೆಯ ಮೇಲಿರುವ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಹೆಚ್ಚು ಮೆಚ್ಚಬೇಕಾದದ್ದು ಅದರ ಶಕ್ತಿಯಲ್ಲ, ಆ ಶಕ್ತಿಯನ್ನು ಹದದಲ್ಲಿಡುವ ಒತ್ತಡ ನಿಯಂತ್ರಣ. ಇಲ್ಲಿನ 220 ಮೆಗಾವಾಟ್ ಘಟಕಗಳಲ್ಲಿ ಇಂಧನದ ಶಾಖವನ್ನು ಹೊತ್ತೊಯ್ಯುವುದು ಭಾರಜಲ, ಅಂದರೆ ಹೈಡ್ರೋಜನ್ನಿನ ಹೆಚ್ಚು ತೂಕದ ರೂಪವಾದ ಡ್ಯೂಟೀರಿಯಂ ಸೇರಿ ಆದ ನೀರು. ಅದು 306 ಕೊಳವೆಗಳಲ್ಲಿ ಹರಿದು ಸುಮಾರು 293 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಹೊರಬರುತ್ತದೆ. ಅಷ್ಟು ಕಾದರೂ ಅದು ಕುದಿಯದಿರುವುದಕ್ಕೆ ಕಾರಣ, ಚದರ ಸೆಂಟಿಮೀಟರಿಗೆ ಸುಮಾರು 87 ಕಿಲೋಗ್ರಾಂ ಒತ್ತಡ. ಆ ಒತ್ತಡದಲ್ಲಿ ಕುದಿಬಿಂದು 300 ಡಿಗ್ರಿಯ ಆಸುಪಾಸಿಗೆ ಏರುವುದರಿಂದ ಉಳಿಯುವ ಅಂತರ ಕೆಲವೇ ಡಿಗ್ರಿ. ಅಡುಗೆಮನೆಯ ಕುಕ್ಕರ್ ಕೂಡ ಒತ್ತಡದಿಂದ ಕುದಿಬಿಂದುವನ್ನು ಏರಿಸುತ್ತದೆ, ಆದರೆ ಅದು ಹೆಚ್ಚಾದ ಆವಿಯನ್ನು ಸೀಟಿ ಹೊಡೆದು ಹೊರಚೆಲ್ಲುತ್ತದೆ. ದುಬಾರಿಯೂ ವಿಕಿರಣಯುಕ್ತವೂ ಆದ ಭಾರಜಲವನ್ನು ಹಾಗೆ ಚೆಲ್ಲುವಂತಿಲ್ಲ. ಆದ್ದರಿಂದ ನೀರು ಕಾದು ಹಿಗ್ಗಿ ಒತ್ತಡ ಏರಿದಾಗ ನಿಯಂತ್ರಣ ಕವಾಟಗಳು ತೆರೆದು ಸ್ವಲ್ಪ ನೀರನ್ನು ಹೊರತೆಗೆಯುತ್ತವೆ. ಹಾಗೆ ಬಂದದ್ದನ್ನು ತಣಿಸಿ, ಶುದ್ಧೀಕರಿಸಿ, ಒತ್ತಡ ಇಳಿದಾಗ ಪಂಪುಗಳು ಮತ್ತೆ ಭಾರಜಲ ಹರಿಯುವ ಮಂಡಲದೊಳಕ್ಕೆ ನೂಕುತ್ತವೆ. ತಾರಾಪುರದ 540 ಮೆಗಾವಾಟ್ ಘಟಕಗಳು ಇದೇ ಕೆಲಸಕ್ಕೆ ಪ್ರೆಶರೈಸರ್ ಎಂಬ ಪ್ರತ್ಯೇಕ ಪಾತ್ರೆಯನ್ನು, ಅದರೊಳಗಿನ ಆವಿಯ ಮೆತ್ತೆಯನ್ನು ನೆಚ್ಚಿದರೆ, ಕೈಗಾದ ಈ ಘಟಕಗಳು ಕೊಟ್ಟು ತೆಗೆಯುವ ಲೆಕ್ಕದಲ್ಲೇ ಸಮತೋಲ ಕಾಯುತ್ತವೆ. ಈ ಸರಳತೆ ನಿಜಕ್ಕೂ ಸುಂದರವಾದದ್ದು. 2016ರ ಮೇ ತಿಂಗಳಿಂದ 2018ರ ಡಿಸೆಂಬರ್ ಕೊನೆಯವರೆಗೆ ಒಂದನೇ ಘಟಕ ಒಮ್ಮೆಯೂ ನಿಲ್ಲದೆ 962 ದಿನ ನಡೆದಾಗ, ಈ ಕವಾಟಗಳೂ ಪಂಪುಗಳೂ ಹಗಲಿರುಳು ಅದೇ ಲೆಕ್ಕವನ್ನು ಸರಿದೂಗಿಸುತ್ತಿದ್ದವು.